ಅಂಜೂರದ ಬಿಸಿ ಅಟ್ಟಕ್ಕೇರಿದ್ದು

ಅಗ್ನಿಶಾಮಕ ಠಾಣೆಯಲ್ಲಿ ಇಪ್ಪತ್ತಾರು ವರ್ಷ ಸೇವೆ ಮಾಡಿದ್ದರೂ ನಮೂನೆರಾಯರು ಒಂದು ಬೆಂಕಿಯನ್ನೂ ಹತ್ತಿರದಿಂದ ಕಂಡವರಲ್ಲ. ಬೆಂಕಿ ಆರಿಸುವುದಕ್ಕೆ ಬೇರೆ ಜನ ಇದ್ದರು. ಇವರದು ಒಳಕೋಣೆ, ಕಿಟಕಿ ಪಕ್ಕದ ಮೇಜು, ಮೇಜಿನ ತುಂಬ ನಮೂನೆಗಳು. ಎಲ್ಲಿ ಏನೇ ಹೊತ್ತಲಿ, ಹೊತ್ತಿದ್ದು ಆರಿದ ಮೇಲೆ ಅದು ಇಂಥ ಅಂಕಣದಲ್ಲಿ, ಇಂಥವರ ಸಹಿಯ ಕೆಳಗೆ ತೆಪ್ಪಗೆ ಕೂರಬೇಕು. ಕೂರಿಸುವುದು ಅವರ ಕೆಲಸ. ಅಂಕಣ ಖಾಲಿ ಬಿಟ್ಟವನನ್ನು ಅವರು ಮನೆಗೆ ಬೆಂಕಿ ಇಟ್ಟವನನ್ನು ನೋಡುವಂತೆ ನೋಡುತ್ತಿದ್ದರು. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದು, ಮಿಕ್ಕ ಕಡೆಯೆಲ್ಲ ಅವರು ನಮೂನೆರಾಯರೇ ಆದರು.

ಬೀದಿಯವರಿಗೆ ಮಾತ್ರ ಈ ಒಳಗುಟ್ಟು ಗೊತ್ತಿರಲಿಲ್ಲ. ಅವರ ಪಾಲಿಗೆ ರಾಯರೆಂದರೆ ಬೆಂಕಿ ಇಲಾಖೆಯೇ ಎದ್ದು ನಡೆದು ಬಂದಂತೆ. ಯಾರ ಮನೆಯ ಸ್ವಿಚ್ಚು ಚಟಚಟ ಅಂದರೂ ರಾಯರಿಗೆ ಕರೆ ಬರುತ್ತಿತ್ತು. ರಾಯರು ಹೋಗಿ, ಕೈ ಹಿಂದೆ ಕಟ್ಟಿಕೊಂಡು, ಸ್ವಿಚ್ಚನ್ನು ಎರಡು ನಿಮಿಷ ದಿಟ್ಟಿಸಿ, "ಇದನ್ನ ಹೀಗೇ ಬಿಡಬಾರದು" ಎಂದು ಹೇಳಿ ಬರುತ್ತಿದ್ದರು. ಅಷ್ಟಕ್ಕೇ ಜನ ಅವರನ್ನು ಹೊಗಳಿ ಅಟ್ಟಕ್ಕೇರಿಸಿದ್ದರು. ಏರಿದವರು ಅಟ್ಟದಲ್ಲಿ ಏನು ಮಾಡಿದರು ಎಂಬುದೇ ಈ ಕಥೆ.

ಇದಕ್ಕೆಲ್ಲ ಮೂಲ ಒಂದು ಅಂಜೂರದ ಗಿಡ. ಅದು ರಾಯರ ಮಾವನವರದು. ಮಾವ ಹೋದ ವರ್ಷ ತೀರಿಕೊಂಡರು, ಅವರಿದ್ದ ಮನೆ ಮಾರಾಟವಾಯಿತು, ಪಾತ್ರೆ ಪಗಡೆ ಹಂಚಿಹೋಯಿತು. ರಾಯರ ಹೆಂಡತಿ ತನ್ನ ಪಾಲಿಗೆ ಕೇಳಿದ್ದು ಸೊಂಟದೆತ್ತರದ ಈ ಒಂದು ಗಿಡವನ್ನು ಮಾತ್ರ. ಅಪ್ಪ ಬೆಳಗಾದರೆ ಮೊದಲು ಮಾತಾಡಿಸುತ್ತಿದ್ದುದು ಇದನ್ನೇ, ಆಮೇಲೆ ನಮ್ಮನ್ನು, ಎಂದು ಆಕೆ ಹೇಳಿಕೊಳ್ಳುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ಅದು ದೊಡ್ಡ ಮಣ್ಣಿನ ಕುಂಡದ ಸಮೇತ ಬಂದು ಇವರ ಮಹಡಿಯ ಕೋಣೆಯಲ್ಲಿ ಕೂತಿತು.

ಚಳಿ ಶುರುವಾಗುವ ಹೊತ್ತಿಗೆ ಹೆಂಡತಿಯ ತಂಗಿಗೆ ಹೆರಿಗೆಯಾಯಿತು. ಬಾಣಂತಿಯನ್ನು ನೋಡಿಕೊಳ್ಳಲು ಎರಡು ತಿಂಗಳ ಮಟ್ಟಿಗೆ ಹೊರಟ ಆಕೆ, ಬಾಗಿಲಲ್ಲಿ ಚೀಲ ಹಿಡಿದು ನಿಂತು ಗಿಡದ ಮಾತು ತೆಗೆದಳು.

"ರೀ, ಚಳಿ ಜಾಸ್ತಿ ಆದಾಗ ಅದು ಸ್ವಲ್ಪ..."

ರಾಯರು ಅಂಗೈ ಎತ್ತಿ ತಡೆದರು. "ಗಿಡದ ವಿಷಯ ನನಗೆ ಹೇಳಿಕೊಡ್ತೀಯಾ? ನಮ್ಮ ತಾತ ತೋಟದಲ್ಲೇ ಹುಟ್ಟಿ ತೋಟದಲ್ಲೇ ಬೆಳೆದೋರು. ನೀನು ನಿಶ್ಚಿಂತೆಯಾಗಿ ಹೋಗಿ ಬಾ."

ರಾಯರ ತಾತ ಸಾರ್ವಜನಿಕ ಉದ್ಯಾನವೊಂದರ ಗೇಟಿನಲ್ಲಿ ಟಿಕೆಟ್ ಹರಿದುಕೊಡುತ್ತಿದ್ದವರು. ಅಲ್ಲಿ ಹುಲ್ಲು ತುಳಿದವರನ್ನು ಬೈಯುವುದು ಬಿಟ್ಟರೆ ಸಸ್ಯಲೋಕದೊಂದಿಗೆ ಅವರಿಗೆ ಬೇರೆ ಒಡನಾಟ ಇರಲಿಲ್ಲ. ಆದರೆ ಬಂಡಿ ಕಾಯುತ್ತಿತ್ತು, ಹೆಂಡತಿಗೆ ವಾದಿಸಲು ಹೊತ್ತಿರಲಿಲ್ಲ. ಆಡಬೇಕಿದ್ದ ಮಾತನ್ನು ಆಕೆ ನುಂಗಿಕೊಂಡೇ ಹೊರಟಳು.

ಒಂಬತ್ತನೆಯ ದಿನ ಬೆಳಿಗ್ಗೆ ಗಿಡದ ಒಂದು ಎಲೆ ಹಳದಿಯಾಗಿತ್ತು. ಹತ್ತನೆಯ ದಿನ ಅದು ನೆಲದ ಮೇಲಿತ್ತು, ಜೊತೆಗೆ ಇನ್ನೆರಡು. ರಾಯರು ಒಂದು ಚೊಂಬು ಹೆಚ್ಚಿಗೆ ನೀರು ಹಾಕಿದರು. ಮರುದಿನ ಐದು ಎಲೆ ಬಿತ್ತು. ನೀರು ಹೆಚ್ಚಾಯಿತೇನೋ ಎಂದು ನಿಲ್ಲಿಸಿದರು, ಏಳು ಬಿತ್ತು. ಅವರು ಏನು ಮಾಡಿದರೂ, ಏನೂ ಮಾಡದಿದ್ದರೂ ಎಲೆ ಬೀಳುತ್ತಲೇ ಇತ್ತು.

ಆ ಸಂಜೆ ಹೆಂಡತಿಯ ಫೋನು ಬಂತು. ಮಗುವಿನ ವಿಷಯ, ತಂಗಿಯ ವಿಷಯ ಎಲ್ಲ ಆದ ಮೇಲೆ ಆಕೆ ಕೇಳಿದಳು: "ಅಂಜೂರ ಹೇಗಿದೆ? ಎಲೆ ಉದುರೋಕೆ ಶುರುವಾಯ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಇದು ಪ್ರಶ್ನೆಯಲ್ಲ, ಆರೋಪ ಎಂದೇ ರಾಯರಿಗೆ ಕೇಳಿಸಿತು. ಅವರ ಎಡಗೈ ಮುಷ್ಟಿಯಲ್ಲಿ ಆಗಷ್ಟೇ ಗುಡಿಸಿ ತೆಗೆದ ನಾಲ್ಕು ಎಲೆಗಳಿದ್ದವು. "ಒಂದೇ ಒಂದೂ ಉದುರಿಲ್ಲ" ಎಂದರು.

"ಒಂದೂ ಇಲ್ವಾ?" ಹೆಂಡತಿಯ ದನಿ ಇಳಿಯಿತು. "ಇಷ್ಟು ಚಳೀಲೂ?"

"ಒಂದೂ ಇಲ್ಲ. ಕಲ್ಲಿನ ಹಾಗೆ ನಿಂತಿದೆ."

"ಅದು ಹಾಗಿರಬಾರದಲ್ಲಾರೀ," ಎಂದು ಆಕೆ ಶುರುಮಾಡುವಷ್ಟರಲ್ಲಿ ಆ ಕಡೆ ಮಗು ಕಿರುಚಿತು. ಫೋನು ಕಟ್ಟಾಯಿತು. ಮಾತಿನ ಅರ್ಥ ಏನಿರಬಹುದು ಎಂದು ರಾಯರು ತಲೆ ಕೆಡಿಸಿಕೊಳ್ಳಲಿಲ್ಲ. ತಾನು ಸುಳ್ಳು ಹೇಳುತ್ತಿದ್ದೇನೆಂದು ಆಕೆಗೆ ಅನುಮಾನ ಬಂದಿದೆ ಎಂದಷ್ಟೇ ಅವರಿಗೆ ಖಾತ್ರಿಯಾಯಿತು. ಆಕೆ ಬರುವುದರೊಳಗೆ ಎಲೆ ಮತ್ತೆ ಬರಬೇಕು. ಬಾರದಿದ್ದರೆ ಮಾವನ ಆತ್ಮಕ್ಕೂ ಅವರ ಮಗಳ ಕಣ್ಣಿಗೂ ತಾನು ಹೇಗೆ ಮುಖ ತೋರಿಸುವುದು?

ಮಾರನೆಯ ದಿನ ರಾಯರು ದೀಪದ ಅಂಗಡಿಗೆ ಹೋದರು. ಬಿಸಿಲು ಸಾಲದ ಮನೆಯೊಳಗೆ ಗಿಡ ಬೆಳೆಸಲು ಉರಿಸುವ ದೀಪಗಳು ಅಲ್ಲಿ ಸಿಗುತ್ತಿದ್ದವು. ಈಗಿನವು ತಣ್ಣಗೆ ಉರಿಯುತ್ತವೆ, ಹಳೆಯ ಮಾದರಿಯವು ಬಿಸಿ ಕಾರುತ್ತವೆ, ಆದರೆ ಶಕ್ತಿ ಜಾಸ್ತಿ ಎಂದು ಅಂಗಡಿಯವನು ವಿವರಿಸಿದ. ಶಕ್ತಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ರಾಯರಿಗೆ ಮಿಕ್ಕದ್ದು ಕೇಳಿಸಲಿಲ್ಲ. ಹಳೆಯ ಮಾದರಿಯ ಎರಡು ದೀಪ, ಒಂದೊಂದೂ ಕೊಡಪಾನದಷ್ಟು ದಪ್ಪ, ಮಹಡಿ ಸೇರಿದವು. ಯಾರೂ ನೋಡಬಾರದೆಂದು ಕಿಟಕಿಗೆ ಕಂಬಳಿ ಬಿಗಿದರು. ಬೆಳಕು ಪೋಲಾಗಬಾರದೆಂದು ಗೋಡೆಗೆಲ್ಲ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿದರು. ಸ್ವಿಚ್ಚು ಹಾಕಿದರು. ಎರಡು ಗಂಟೆಯಲ್ಲಿ ಕೋಣೆ ನಲವತ್ತಮೂರು ಡಿಗ್ರಿಗೆ ಏರಿ, ಗಿಡದ ಮಣ್ಣು ಬಿರಿದು, ಗೋಡೆಯ ಕ್ಯಾಲೆಂಡರು ಸುರುಳಿ ಸುತ್ತಿಕೊಂಡಿತು.

ರಾಯರು ಮತ್ತೆ ಅಂಗಡಿಗೆ ಓಡಿದರು. ಬಿಸಿಗಾಳಿಯನ್ನು ಎಳೆದು ಹೊರಗೆ ಹಾಕುವ ಫ್ಯಾನು ಬೇಕು, ಅದಕ್ಕೊಂದು ಕೊಳವೆ ಬೇಕು, ಕೊಳವೆಯ ಬಾಯಿ ಅಟ್ಟ ದಾಟಿ ಹೆಂಚಿನ ಮಾಡಿನಿಂದ ಆಚೆಗೆ ಹೋಗಬೇಕು ಎಂದು ಅಂಗಡಿಯವನು ಬಿಡಿಸಿ ಹೇಳಿದ. ಮಾಡಿನಿಂದ ಆಚೆಗೆ ಎಂದು ಎರಡು ಸಲ ಒತ್ತಿಯೂ ಹೇಳಿದ.

ಇಲ್ಲಿ ರಾಯರಿಗೆ ವೃತ್ತಿಧರ್ಮ ಅಡ್ಡ ಬಂತು. ಮಾಡಿಗೆ ತೂತು ಕೊರೆಯಬೇಕಾದರೆ ನಮೂನೆ ಇಪ್ಪತ್ತೆರಡರಲ್ಲಿ ಅನುಮತಿ ಪಡೆಯಬೇಕು. ಆ ನಮೂನೆ ಅವರದೇ ಮೇಜಿಗೆ ಬರುತ್ತದೆ, ಅದರ ನಾಲ್ಕನೆಯ ಅಂಕಣ "ಕಾರಣ". ಕಾರಣ ಬರೆದರೆ ಗುಟ್ಟು ರಟ್ಟು. ಬರೆಯದೆ ಕೊರೆದರೆ ಕಾನೂನುಭಂಗ. ರಾಯರು ಎರಡನ್ನೂ ತಪ್ಪಿಸುವ ನಡುದಾರಿ ಹುಡುಕಿದರು. ಮಹಡಿಯ ಒಳಮಾಳಿಗೆಯ ಹಲಗೆಗೆ ಮಾತ್ರ ತೂತು ಕೊರೆದು, ಕೊಳವೆಯನ್ನು ಅಟ್ಟಕ್ಕೆ ಏರಿಸಿ, ಅಲ್ಲಿಗೇ ಬಿಟ್ಟರು. ಅಟ್ಟ ಹೇಗೂ ಖಾಲಿ, ಬಿಸಿಗಾಳಿ ಅಲ್ಲೇ ಎಲ್ಲೋ ಕರಗಿಹೋಗುತ್ತದೆ ಎಂಬುದು ಅವರ ಲೆಕ್ಕ. ಫ್ಯಾನಿನ ವೈರು ಗಿಡ್ಡವಾದದ್ದಕ್ಕೆ ಹಳೆಯ ಇಸ್ತ್ರಿಪೆಟ್ಟಿಗೆಯ ವೈರನ್ನು ಜೋಡಿಸಿ ಟೇಪು ಸುತ್ತಿ, ಕಣ್ಣಿಗೆ ಬೀಳದಿರಲೆಂದು ಅಟ್ಟದ ಮೇಲಿಂದ ಎಳೆದರು. ಬೀದಿಯಲ್ಲಿ ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವರು ಕೈ ಹಿಂದೆ ಕಟ್ಟಿಕೊಂಡು "ಇದನ್ನ ಹೀಗೇ ಬಿಡಬಾರದು" ಎಂದಿರುತ್ತಿದ್ದರು.

ರಾಯರು ಒಂದು ಸಂಗತಿಯನ್ನು ಮರೆತಿದ್ದರು. ಅವರದು ಜೋಡಿಮನೆ. ಪಕ್ಕದ ಮನೆಗೂ ಇದಕ್ಕೂ ಗೋಡೆ ಬೇರೆ, ಆದರೆ ಮಾಡು ಒಂದೇ, ಅಟ್ಟವೂ ಒಂದೇ.

ಪಕ್ಕದ ಮನೆಯಲ್ಲಿ ನಿವೃತ್ತ ಭೂಗೋಳದ ಮೇಷ್ಟ್ರೂ ಅವರ ದೊಡ್ಡಕ್ಕನೂ ಇದ್ದರು. ಪಾಠ ಹೇಳುವುದು ನಿಂತು ಹತ್ತು ವರ್ಷವಾಗಿದ್ದರೂ ಮೇಷ್ಟ್ರು ದಿನಕ್ಕೆ ಮೂರು ಹೊತ್ತು ಮನೆಯ ಒಳಗೂ ಹೊರಗೂ ಥರ್ಮಾಮೀಟರು ನೋಡಿ ಬರೆದಿಡುವುದನ್ನು ನಿಲ್ಲಿಸಿರಲಿಲ್ಲ. ದೊಡ್ಡಕ್ಕನಿಗೆ ಮಂಡಿನೋವು. ಚಳಿ ಬಂತೆಂದರೆ ಮಹಡಿಯ ಕೋಣೆಯಿಂದ ಕೆಳಗಿಳಿಯಲಾರರು, ನರಳುವುದು ಮಾತ್ರ ಬೀದಿಗೆಲ್ಲ ಕೇಳುತ್ತಿತ್ತು.

ನಾಲ್ಕು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಮೇಷ್ಟ್ರು ನೋಟುಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದು ರಾಯರ ಬಾಗಿಲು ತಟ್ಟಿದರು. ಬೀದಿಗೆ ಕರೆದುಕೊಂಡು ಹೋಗಿ ಮಾಡಿನತ್ತ ಕೈ ತೋರಿಸಿದರು. ಸುತ್ತಮುತ್ತಲಿನ ಮಾಡುಗಳೆಲ್ಲ ಇಬ್ಬನಿಯಲ್ಲಿ ಒದ್ದೆಯಾಗಿದ್ದವು. ಇವರಿಬ್ಬರ ಮಾಡೊಂದು ಒಣಗಿ ಖಣಖಣ ಎನ್ನುತ್ತಿತ್ತು. ಅದರ ಮೇಲೆ ಊರಿನ ಪಾರಿವಾಳಗಳೆಲ್ಲ ರೆಕ್ಕೆ ಹರಡಿಕೊಂಡು ಮೈ ಕಾಯಿಸುತ್ತಿದ್ದವು. ನಡುವೆ ಒಂದು ಬೆಕ್ಕು ಪಾರಿವಾಳಗಳ ಕಡೆ ಕಣ್ಣೆತ್ತಿಯೂ ನೋಡದೆ ಅಂಗಾತ ಮಲಗಿತ್ತು.

"ಹೊರಗೆ ಹನ್ನೆರಡು ಡಿಗ್ರಿ. ಅಕ್ಕನ ಕೋಣೇಲಿ ಮೂವತ್ತೊಂದು," ಎಂದರು ಮೇಷ್ಟ್ರು, ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ ದನಿ ತಗ್ಗಿಸಿ. "ನೀವು ಇಲಾಖೆಯೋರು. ನೀವೇ ಹೇಳಿ, ಇದು ಏನು?"

ರಾಯರು ಕೈ ಹಿಂದೆ ಕಟ್ಟಿಕೊಂಡರು. ಹಗಲಿನ ಬಿಸಿಲನ್ನು ಹೆಂಚು ಹಿಡಿದಿಟ್ಟುಕೊಂಡಿರುತ್ತದೆ, ಅದೇ ಇರಬೇಕು ಎಂದರು. ಮೇಷ್ಟ್ರು ಪುಸ್ತಕ ತೆರೆದು, ಮೂರು ದಿನದಿಂದ ಬಿಸಿಲೇ ಬಂದಿಲ್ಲ, ಪೂರ್ತಿ ಮೋಡ ಎಂದು ತೋರಿಸಿದರು. ಹಾಗಾದರೆ ಪಾರಿವಾಳಗಳ ಮೈಶಾಖ ಇರಬಹುದು ಎಂದರು ರಾಯರು. ಮೇಷ್ಟ್ರು ನಲವತ್ತು ವರ್ಷ ಮಕ್ಕಳಿಂದ ಇಂಥ ಉತ್ತರ ಕೇಳಿದವರು. ಕನ್ನಡಕದ ಮೇಲಿಂದ ಒಂದು ಸಲ ನೋಡಿ, ಅದನ್ನೂ ಬರೆದುಕೊಂಡರು.

ಅಷ್ಟರಲ್ಲಿ ಮೇಲಿನ ಕಿಟಕಿಯಿಂದ ದೊಡ್ಡಕ್ಕ ಇಣುಕಿ, ಏನೂ ವಿಚಾರಿಸಬೇಡ, ನನ್ನ ಮಂಡಿ ಹೀಗೆ ಮಡಚಿ ಆರು ವರ್ಷವಾಗಿತ್ತು ಎಂದು ತಮ್ಮನನ್ನು ಗದರಿದರು. ಆಮೇಲೆ ಮೆಟ್ಟಿಲಿಳಿದು ಬಂದು, ಹಾಲು ತೆಗೆದುಕೊಂಡು, ಮತ್ತೆ ಹತ್ತಿಹೋದರು. ಬೀದಿಯವರು ಬಾಯಿಯ ಮೇಲೆ ಬೆರಳಿಟ್ಟುಕೊಂಡರು.

ಇತ್ತ ಮಹಡಿಯಲ್ಲಿ ಇನ್ನೊಂದು ಪವಾಡ ನಡೆದಿತ್ತು. ಬೋಳಾದ ಅಂಜೂರದ ತುದಿಗಳಲ್ಲಿ ಹಸಿರು ಮೊಳಕೆ ಕಾಣಿಸಿತ್ತು. ಮೂರೇ ದಿನದಲ್ಲಿ ಅದು ನಾಲ್ಕು ಪುಟ್ಟ ಎಲೆಯಾಗಿ ಬಿಚ್ಚಿಕೊಂಡಿತು. ರಾಯರಿಗೆ ಕಣ್ಣು ತುಂಬಿ ಬಂತು. ಇನ್ನು ಒಂದು ತಿಂಗಳು ಹೀಗೇ ನಡೆದರೆ ಸಾಕು, ಹೆಂಡತಿ ಬರುವಾಗ ಗಿಡ ತುಂಬಿ ನಿಂತಿರುತ್ತದೆ, ಆಡಿದ ಸುಳ್ಳು ತಾನಾಗಿಯೇ ನಿಜವಾಗುತ್ತದೆ.

ಬುಧವಾರ ಕಚೇರಿಯಲ್ಲಿ ಠಾಣಾಧಿಕಾರಿ ರಾಯರನ್ನು ಕರೆದರು. ಮೂರು ತಿಂಗಳ ಹಿಂದೆ ವರ್ಗವಾಗಿ ಬಂದ ಮನುಷ್ಯ. ರಾಯರ ಮೇಜು ಗೊತ್ತಿತ್ತು, ಮನೆ ಗೊತ್ತಿರಲಿಲ್ಲ. ಅವರ ಕೈಯಲ್ಲಿ ಒಂದು ದೂರು, ಅದಕ್ಕೆ ಲಗತ್ತಿಸಿದ ಹದಿನಾಲ್ಕು ಪುಟ ಉಷ್ಣತೆಯ ಪಟ್ಟಿ, ಕೆಳಗೆ ದುಂಡಗಿನ ಅಕ್ಷರದಲ್ಲಿ ನಿವೃತ್ತ ಭೂಗೋಳ ಶಿಕ್ಷಕ ಎಂಬ ಸಹಿ ಇತ್ತು. ಪಕ್ಕದ ಎಂಟನೇ ನಂಬರಿನ ಮನೆಯ ಕಡೆಯಿಂದ ಅಟ್ಟಕ್ಕೆ ಶಾಖ ಬರುತ್ತಿದೆ, ಪಕ್ಕದವರು ಇಲಾಖೆಯ ಜ್ಞಾನಿಗಳಾದರೂ ಅದಕ್ಕೆ ಪಾರಿವಾಳ ಕಾರಣ ಎನ್ನುತ್ತಾರೆ, ಆದ್ದರಿಂದ ಬೇರೆ ಜ್ಞಾನಿಗಳನ್ನು ಕಳಿಸಬೇಕು ಎಂದು ಅದರಲ್ಲಿ ಬರೆದಿತ್ತು. ಅಧಿಕಾರಿಗಳು ಪಾರಿವಾಳದ ಸಾಲನ್ನು ಅದೃಷ್ಟವಶಾತ್ ಓದಿರಲಿಲ್ಲ.

"ಹದಿನೇಳನೇ ನಮೂನೇಲಿ ನೋಟೀಸು ಹಾಕಿ ರಾಯರೇ. ಶನಿವಾರ ಹನ್ನೊಂದಕ್ಕೆ ನಾನೇ ಹೋಗಿ ನೋಡ್ತೀನಿ. ಎಂಟನೇ ನಂಬರಿನ ಮಾಲೀಕರು ಯಾರು ಗೊತ್ತಾ?"

ಮನೆ ಇದ್ದದ್ದು ಹೆಂಡತಿಯ ಹೆಸರಿನಲ್ಲಿ. ರಾಯರು ಆ ಹೆಸರು ಹೇಳಿದರು.

"ನಿಮಗೆ ಪರಿಚಯನಾ?"

"ಸ್ವಲ್ಪ," ಎಂದರು ರಾಯರು.

ಬೇಲಿಯೇ ಎದ್ದು ಹೊಲ ಮೇಯ್ದ ಕಥೆಗಳನ್ನು ನಾವು ಕೇಳಿದ್ದೇವೆ. ಆದರೆ ಮೇಯ್ದ ಬೇಲಿ ತಾನೇ ಕೂತು ತನ್ನ ಮೇಲೆ ನೋಟೀಸು ಬರೆದದ್ದು ಬಹುಶಃ ಇದೇ ಮೊದಲು. ರಾಯರು ಎಂಟು ಅಂಕಣ ತುಂಬಿಸಿ ಒಂಬತ್ತಕ್ಕೆ ಬಂದು ನಿಂತರು. "ಮಾಲೀಕರು ಮನೆಯಲ್ಲಿ ಇಲ್ಲದಿದ್ದಲ್ಲಿ ಅವರ ಸದ್ಯದ ವಿಳಾಸ." ಹನ್ನೊಂದು ವರ್ಷದ ಹಿಂದೆ, ನೋಟೀಸೊಂದು ಬೀಗ ಹಾಕಿದ ಮನೆಯ ಬಾಗಿಲ ಸಂದಿಯಲ್ಲಿ ಎರಡು ತಿಂಗಳು ಬಿದ್ದಿದ್ದ ಮೇಲೆ, ಈ ಅಂಕಣವನ್ನು ಹುಟ್ಟಿಸಿದವರು ಸ್ವತಃ ರಾಯರು. ಅದಕ್ಕಾಗಿ ಮೇಲಿನವರಿಂದ ಮೆಚ್ಚುಗೆಯ ಪತ್ರ ಬಂದಿತ್ತು, ಅದು ಚೌಕಟ್ಟಿನೊಳಗೆ ಮೇಜಿನ ಹಿಂದೆಯೇ ತೂಗುತ್ತಿತ್ತು. ಅದಕ್ಕೆ ಬೆನ್ನು ತಿರುಗಿಸಿ ಕೂತು ರಾಯರು ಒಂಬತ್ತನ್ನು ಖಾಲಿ ಬಿಟ್ಟರು.

ಅಧಿಕಾರಿಗಳು ಸಹಿಗೆ ಪೆನ್ನು ಎತ್ತಿದವರು ತಡೆದರು. "ಒಂಬತ್ತು ಖಾಲಿ ಇದೆಯಲ್ಲ ರಾಯರೇ. ಖಾಲಿ ಬಿಟ್ಟರೆ ನೋಟೀಸೇ ಅಲ್ಲ ಅಂತ ಬಂದ ದಿನಾನೇ ನನಗೆ ಪಾಠ ಹೇಳಿದ್ರಿ. ಅವರು ಈಗ ಎಲ್ಲಿದಾರೋ ವಿಚಾರಿಸಿ ತುಂಬಿ."

ವಿಚಾರಿಸುವುದು ಏನೂ ಇರಲಿಲ್ಲ. ರಾಯರು ನಿಂತಲ್ಲೇ ನಾದಿನಿಯ ಮನೆಯ ವಿಳಾಸ ಬರೆದರು. ಆ ಗಾಬರಿಯಲ್ಲಿ, ಇಪ್ಪತ್ತಾರು ವರ್ಷದಲ್ಲಿ ಎಂದೂ ಆಗದ ಇನ್ನೊಂದು ತಪ್ಪಾಯಿತು. ನಮೂನೆಯ ಕೊನೆಯಲ್ಲಿ, ತಮ್ಮ ಮನೆಯಲ್ಲಿ ಬೆಂಕಿಯಿಂದ ಜೀವಹಾನಿ ಸಂಭವಿಸಬಹುದಾದ, ಸಂಭವಿಸಿರುವ ಎಂದು ಎರಡು ಮಾತು ಅಚ್ಚಾಗಿರುತ್ತದೆ, ಅನ್ವಯಿಸದ್ದನ್ನು ಹೊಡೆದುಹಾಕಬೇಕು. ರಾಯರು ಮೊದಲನೆಯದನ್ನು ಹೊಡೆದುಹಾಕಿದರು, ಸಂಭವಿಸಿರುವ ಎಂಬುದು ಉಳಿಯಿತು. ತುರ್ತು ಎಂಬ ಮುದ್ರೆ ಬಿತ್ತು. ನೋಟೀಸು ಮಧ್ಯಾಹ್ನದ ಅಂಚೆಗೆ ಹೋಯಿತು.

ಗುರುವಾರ, ಶುಕ್ರವಾರ ರಾಯರಿಗೆ ಅನ್ನ ಸೇರಲಿಲ್ಲ. ಫ್ಯಾನು ನಿಲ್ಲಿಸಿ ನೋಡಿದರು. ಅರ್ಧ ಗಂಟೆಯಲ್ಲಿ ಹೊಸ ಎಲೆಗಳು ಬಾಡಿ ಜೋತುಬಿದ್ದವು. ದೀಪ ಆರಿಸಿ ನೋಡಿದರು. ಚಳಿಗೆ ಎಲೆಯ ಅಂಚು ಕಪ್ಪಗಾಗತೊಡಗಿತು. ಎರಡನ್ನೂ ಮತ್ತೆ ಹಾಕಿದರು. ಗಿಡ ಉಳಿಸಿದರೆ ಮಾನ ಹೋಗುತ್ತದೆ, ಮಾನ ಉಳಿಸಿದರೆ ಗಿಡ ಹೋಗುತ್ತದೆ. ಶುಕ್ರವಾರ ಸಂಜೆ ಹೆಂಡತಿಯಿಂದ ಒಂದರ ಹಿಂದೊಂದು ಹದಿನೆಂಟು ಕರೆ ಬಂದವು. ಇನ್ನೊಂದು ಸುಳ್ಳು ಹೇಳುವ ತ್ರಾಣ ರಾಯರಿಗೆ ಉಳಿದಿರಲಿಲ್ಲ. ಫೋನನ್ನು ಅಕ್ಕಿ ಡಬ್ಬಿಯೊಳಗೆ ಹೂತು, ಮುಚ್ಚಳ ಹಾಕಿ, ಮಹಡಿಗೆ ಹೋಗಿ ಗಿಡದ ಮುಂದೆ ಕೂತರು.

ಶನಿವಾರ ಹನ್ನೊಂದಕ್ಕೆ ಸರಿಯಾಗಿ ಕೆಂಪು ವಾಹನ ಬೀದಿಗೆ ಬಂತು. ಅಧಿಕಾರಿಗಳು ಇಳಿದರು, ಹಿಂದೆ ಏಣಿ ಹೊತ್ತ ಇಬ್ಬರು ಸಿಬ್ಬಂದಿ. ಇಡೀ ಬೀದಿ ಜಗುಲಿಗೆ ಬಂದು ನಿಂತಿತು. ಮೇಷ್ಟ್ರು ಹೊಸ ನೋಟುಪುಸ್ತಕದೊಂದಿಗೆ ಸಿದ್ಧರಿದ್ದರು. ಎಂಟನೇ ನಂಬರಿನ ಬಾಗಿಲು ತಟ್ಟಿದಾಗ ಬನಿಯನ್ನು, ಹೆಗಲ ಮೇಲೆ ಟವೆಲು, ಕಾಲಿಗೆ ಹವಾಯಿ ಚಪ್ಪಲಿಯಲ್ಲಿದ್ದ ನಮೂನೆರಾಯರು ಬಾಗಿಲು ತೆರೆದರು.

ಅಧಿಕಾರಿಗಳು ಮನೆಯ ನಂಬರನ್ನು ಇನ್ನೊಮ್ಮೆ ಓದಿಕೊಂಡರು. "ರಾಯರೇ, ನೀವು ಇಲ್ಲಿ?"

"ತಮಗೆ ಪರಿಶೀಲನೆಗೆ ಅನುಕೂಲ ಆಗಲಿ ಅಂತ ಸ್ವಲ್ಪ ಮುಂಚೆ ಬಂದೆ ಸರ್."

ಅಧಿಕಾರಿಗಳ ಕಣ್ಣು ಟವೆಲಿನಿಂದ ಚಪ್ಪಲಿಗೆ ಇಳಿದು, ಮತ್ತೆ ಟವೆಲಿಗೆ ಏರುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಒಂದು ಬಾಡಿಗೆ ಕಾರು ಕಿರ್ರೆಂದು ನಿಂತಿತು. ಅದರಿಂದ ರಾಯರ ಹೆಂಡತಿ ಇಳಿದಳು. ಆಕೆಯ ಕೈಯಲ್ಲಿ ಹದಿನೇಳನೇ ನಮೂನೆ ಮುದ್ದೆಯಾಗಿತ್ತು. ಕೆಂಪು ವಾಹನ ಕಂಡದ್ದೇ ಚೀಲ ಅಲ್ಲೇ ಬಿಟ್ಟು ಓಡಿ ಬಂದಳು. ಗಂಡನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದಳು, ತಲೆಗೂದಲು ಮುಟ್ಟಿ ನೋಡಿದಳು, ಹುಬ್ಬು ನೋಡಿದಳು. ಎಲ್ಲ ನೆಟ್ಟಗಿದೆ ಎಂದು ಖಚಿತವಾದ ಮೇಲೆ ಬಾಗಿಲ ಚೌಕಟ್ಟಿಗೆ ಒರಗಿ ಅತ್ತುಬಿಟ್ಟಳು. ರಾಯರಿಗೆ ನಿಂತ ನೆಲ ಕುಸಿದರೆ ಸಾಕೆನಿಸಿತು.

ಮಾಲೀಕರು ನೀವೇನಾ ಎಂದು ಅಧಿಕಾರಿಗಳು ಮೆಲ್ಲಗೆ ಕೇಳಿದರು. ಆಕೆ ತಲೆಯಾಡಿಸಿದಳು. "ಹಾಗಾದ್ರೆ ಇವರು ನಿಮಗೆ ಪರಿಚಯನಾ?"

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇಪ್ಪತ್ತೆರಡು ವರ್ಷದಿಂದ ಜೊತೆಗಿದೀನಿ. ಪರಿಚಯ ಆಗಿದೆ ಅಂತ ಈಗಲೂ ಹೇಳೋಕೆ ಆಗಲ್ಲ."

ಎಲ್ಲರೂ ಮಹಡಿ ಹತ್ತಿದರು. ಬಾಗಿಲು ತೆರೆದಾಗ ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಹೊಳೆಯುವ ಗೋಡೆಗಳು, ಕಣ್ಣು ಕುಕ್ಕುವ ಎರಡು ದೀಪ, ಗುಂಯ್‌ಗುಡುವ ಫ್ಯಾನು, ಅಲ್ಲಿಂದ ಮಾಳಿಗೆಯ ತೂತಿಗೆ ನುಗ್ಗಿದ ಸುಕ್ಕುಸುಕ್ಕು ಕೊಳವೆ, ಇಷ್ಟರ ನಡುವೆ ನಾಲ್ಕು ಎಲೆಯ ಒಂದು ಬೋಳು ಗಿಡ. ಮೇಷ್ಟ್ರು ಥರ್ಮಾಮೀಟರು ಚಾಚಿ, ಓದಿ, ಬರೆದುಕೊಂಡರು.

ಅಟ್ಟಕ್ಕೆ ಹತ್ತಿದ್ದ ಸಿಬ್ಬಂದಿಯೊಬ್ಬ ಏಣಿಯಿಂದ ಇಳಿದು ಬಂದು ಅಂಗೈ ಬಿಚ್ಚಿದ. ಪಾರಿವಾಳದ ಗೂಡಿನ ಹುಲ್ಲು. ಒಂದು ಮಗ್ಗುಲು ಕಂದಿ ಕರಿಯಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಟೇಪು ಸುತ್ತಿದ ವೈರಿನ ಮಗ್ಗುಲಲ್ಲೇ ಇತ್ತು ಎಂದ. ಇನ್ನೆರಡು ದಿನ ಹೋಗಿದ್ದರೆ ಎಂದು ಶುರುಮಾಡಿ, ರಾಯರ ಮುಖ ನೋಡಿ, ನಿಲ್ಲಿಸಿದ. ಇಪ್ಪತ್ತಾರು ವರ್ಷದ ಮೇಲೆ ನಮೂನೆರಾಯರು ಬೆಂಕಿಯನ್ನು ಅಷ್ಟು ಹತ್ತಿರದಿಂದ ಕಂಡರು. ಗೋಡೆಯಾಚೆ ಅದೇ ಅಟ್ಟದ ಕೆಳಗೆ ದೊಡ್ಡಕ್ಕ ಮಲಗುತ್ತಿದ್ದರು. ಆ ಯೋಚನೆ ಬಂದದ್ದೇ ರಾಯರು ಕುಂಡದ ಪಕ್ಕ ನೆಲದ ಮೇಲೆ ಕೂತರು.

"ನಾನು ಸುಳ್ಳು ಹೇಳಿದೆ ಕಣೇ," ಎಂದರು. "ನೀನು ಹೋದ ಹತ್ತು ದಿನಕ್ಕೇ ಎಲೆ ಬೀಳೋಕೆ ಶುರುವಾಯ್ತು. ಎಲ್ಲಾ ಬಿತ್ತು. ನಿಮ್ಮಪ್ಪನ ಗಿಡಾನ ನಾನೇ ಸಾಯಿಸಿದೆ. ಹೇಗಾದರೂ ಬದುಕಿಸೋಣ ಅಂತ ಇದೆಲ್ಲ ಮಾಡಿದೆ."

ಹೆಂಡತಿ ಅವರ ಮುಂದೆ ಬಗ್ಗಿದಳು. "ಎಲ್ಲಾ ಎಲೆನೂ ಉದುರಿತ್ತಾ? ಒಂದೂ ಬಿಡದೆ?"

"ಒಂದೂ ಬಿಡದೆ."

ಆಕೆಯ ಮುಖದಲ್ಲಿ ಎಷ್ಟೋ ದಿನದಿಂದ ಬಿಗಿದಿದ್ದದ್ದು ಸಡಿಲವಾಯಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ನೀವು ಒಂದೂ ಉದುರಿಲ್ಲ ಅಂದಾಗಿಂದ ನನಗೆ ನಿದ್ದೆ ಇಲ್ಲರೀ. ಅಂಜೂರ ಪ್ರತಿ ಚಳಿಗಾಲ ಎಲೆ ಉದುರಿಸಿ ಮಲಗುತ್ತೆ. ಅಪ್ಪ ಇದನ್ನ ಕತ್ತಲೆ ಮೂಲೇಲಿಟ್ಟು ಮೂರು ತಿಂಗಳು ಆ ಕಡೆ ತಲೆ ಹಾಕ್ತಿರಲಿಲ್ಲ. ಎಲೆ ಉದುರದೇ ಇದ್ದರೇನೇ ಏನೋ ರೋಗ ಅಂತ ಅರ್ಥ. ಹೊರಡೋವಾಗ ಅದನ್ನೇ ಹೇಳೋಕೆ ಬಂದೆ. ನೀವು ತಾತನ ಕಥೆ ತೆಗೆದ್ರಿ."

ಏಣಿ ಹಿಡಿದಿದ್ದ ಸಿಬ್ಬಂದಿ ಗೋಡೆಯ ಕಡೆ ತಿರುಗಿ ನಿಂತ, ಅವನ ಭುಜ ಕುಣಿಯುತ್ತಿತ್ತು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ ಎಂದು ಬಾಗಿಲಲ್ಲಿ ಯಾರೋ ಅಂದರು.

ಅಧಿಕಾರಿಗಳು ಕೆಮ್ಮಿದರು. ಇದೆಲ್ಲವನ್ನೂ ಈಗಲೇ ಬಿಚ್ಚಬೇಕು ಎಂದರು. ಆಗ ಹೆಂಡತಿ ಎದ್ದು ನಿಂತು, ದೀಪ ಈಗ ತೆಗೆದರೆ ಈ ಎಳೆ ಎಲೆ ಚಳಿಗೆ ಎರಡು ದಿನವೂ ತಾಳುವುದಿಲ್ಲ, ಗಿಡ ನಿಜವಾಗಿಯೂ ಹೋಗುತ್ತದೆ ಎಂದಳು. ಅವಳ ಬೆನ್ನಿಗೆ ದೊಡ್ಡಕ್ಕ ಬಂದರು. ಬಾಗಿಲಲ್ಲಿದ್ದವರನ್ನು ಮೊಣಕೈಯಿಂದ ಸರಿಸಿ, ಈ ಬಿಸಿ ನಿಲ್ಲಿಸಿದರೆ ನಿಮ್ಮ ಠಾಣೆಯ ಮೆಟ್ಟಿಲ ಮೇಲೆ ಬಂದು ಕೂರುತ್ತೇನೆ, ಕೂತರೆ ಏಳಲು ಮಂಡಿ ಬಿಡುವುದಿಲ್ಲ, ಆಮೇಲೆ ನಿಮ್ಮ ವಾಹನ ಹೊರಗೆ ಹೋಗುವುದು ಹೇಗೆ ನೋಡಿಕೊಳ್ಳಿ ಎಂದು ಎಚ್ಚರಿಸಿದರು. ಅಧಿಕಾರಿಗಳಿಗೆ ಬೆಂಕಿಯೇ ವಾಸಿ ಎನಿಸಿರಬೇಕು.

ಕೊನೆಗೆ ತೀರ್ಮಾನವಾದದ್ದು ಹೀಗೆ: ಹಳೆಯ ಎರಡು ದೀಪ ಹೋಗಿ ಕಡಿಮೆ ಬಿಸಿಯ ಒಂದು ದೀಪ ಬರಬೇಕು. ಕೊಳವೆ ಅಟ್ಟದಲ್ಲಿ ನಿಲ್ಲದೆ ನೆಟ್ಟಗೆ ಮಾಡಿನಿಂದ ಆಚೆಗೆ ಹೋಗಬೇಕು. ವೈರು ಎಳೆಯುವುದು ವೈರಿನ ಕೆಲಸದವನು, ರಾಯರಲ್ಲ. ಹಾಗೆ ಬರೆದು ಅಧಿಕಾರಿಗಳು ಮುದ್ದೆಯಾದ ನಮೂನೆಯನ್ನು ತೊಡೆಯ ಮೇಲೆ ಸವರಿ ಆಕೆಯ ಮುಂದೆ ಹಿಡಿದರು. ಹನ್ನೊಂದನೆಯ ಅಂಕಣ ಬಾಕಿ ಇತ್ತು, ಮಾಲೀಕರ ವಿವರಣೆ. ಆಕೆ ನಿಂತೇ ಎರಡು ಸಾಲು ಬರೆದಳು: "ಮಲಗಿದ್ದ ಗಿಡವನ್ನು ನನ್ನ ಯಜಮಾನರು ಹೆದರಿ ಎಬ್ಬಿಸಿದ್ದಾರೆ. ಎದ್ದ ಮೇಲೆ ಬೆಳಕು ಕೊಡದೆ ವಿಧಿಯಿಲ್ಲ." ಅಧಿಕಾರಿಗಳು ಅದನ್ನು ಎರಡು ಬಾರಿ ಓದಿ ಸಹಿ ಮಾಡಿದರು. ರಾಯರಿಗೆ ಒಂದು ಎಚ್ಚರಿಕೆ ಪತ್ರ ಕೊಡುವುದಾಗಿಯೂ, ಅದನ್ನು ಸೋಮವಾರ ಅವರೇ ತಯಾರು ಮಾಡಿ ಸಹಿಗೆ ಇಡಬೇಕೆಂದೂ ಹೇಳಿ ಹೊರಟರು.

ಸೋಮವಾರ ಬೆಳಿಗ್ಗೆ ಹೆಂಡತಿ ಮತ್ತೆ ತಂಗಿಯ ಮನೆಗೆ ಹೊರಟು ನಿಂತಳು. ಗಿಡವನ್ನು ಜೊತೆಗೆ ಒಯ್ಯುತ್ತಾಳೆ, ಇಲ್ಲವೇ ಮೇಷ್ಟ್ರ ಕೈಗೆ ಒಪ್ಪಿಸುತ್ತಾಳೆ ಎಂದು ರಾಯರು ಕಾಯುತ್ತಿದ್ದರು. ಆಕೆ ಒಯ್ಯಲಿಲ್ಲ, ಒಪ್ಪಿಸಲೂ ಇಲ್ಲ. ಚೀಲ ಹೆಗಲಿಗೇರಿಸಿ, "ನೀವೇ ನೋಡ್ಕೊಳ್ಳಿ," ಎಂದಳು. "ಎರಡು ದಿನಕ್ಕೊಂದು ಲೋಟ ನೀರು. ಬೇರೆ ಏನೂ ಮಾಡಬೇಡಿ. ಏನಾದರೂ ಮಾಡಬೇಕು ಅಂತ ಕೈ ತುರಿಸಿದರೆ ನನಗೆ ಫೋನ್ ಮಾಡಿ." ರಾಯರು ಈ ಸಲ ಅಂಗೈ ಎತ್ತಲಿಲ್ಲ. ತಾತನ ಹೆಸರನ್ನೂ ಎತ್ತಲಿಲ್ಲ. ಆಕೆ ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಅಂಕಣ ಎಳೆದು ಬರೆದುಕೊಂಡರು.

ಏನೂ ಮಾಡದೇ ಇರುವುದು ಎಷ್ಟು ಕಷ್ಟದ ಕೆಲಸ ಎಂಬುದು ಆ ವಾರ ರಾಯರಿಗೆ ತಿಳಿಯಿತು. ಮಂಗಳವಾರ ಅವರ ಮೇಜಿಗೆ ದೊಡ್ಡಕ್ಕನ ದೂರು ಬಂತು: ಏಳನೇ ನಂಬರಿನ ಅಟ್ಟದಲ್ಲಿ ಶಾಖ ನಿಂತುಹೋಗಿದೆ, ತುರ್ತಾಗಿ ಗಮನಿಸಿ. ಅಂಥ ದೂರಿಗೆ ಇಲಾಖೆಯಲ್ಲಿ ನಮೂನೆ ಇರಲಿಲ್ಲ. ರಾಯರು ಸಂಜೆ ದೀಪದ ಅಂಗಡಿಗೆ ಹೋಗಿ ಕೋಣೆ ಬೆಚ್ಚಗಿಡುವ ಒಂದು ಹೀಟರು ತಂದು, ವೈರಿನ ಕೆಲಸದವನನ್ನೇ ಕರೆಸಿ ಹಾಕಿಸಿಕೊಟ್ಟರು. ಮೇಷ್ಟ್ರು ಇಪ್ಪತ್ತಾರು ಡಿಗ್ರಿ ಎಂದು ಬರೆದುಕೊಂಡರು. ದೊಡ್ಡಕ್ಕ ಮೂವತ್ತೊಂದಿತ್ತು ಎಂದು ಗೊಣಗಿದರು.

ಬುಧವಾರ ಸಂಜೆ ರಾಯರು ಮಹಡಿಗೆ ಹೋದಾಗ ನಾಲ್ಕರಲ್ಲಿ ಒಂದು ಎಲೆ ಮಣ್ಣಿನ ಮೇಲೆ ಬಿದ್ದಿತ್ತು. ಎಲೆಯನ್ನು ಎತ್ತಿ ಮುಷ್ಟಿಯಲ್ಲಿಟ್ಟುಕೊಂಡರು. ಹೆಚ್ಚಿಗೆ ನೀರಿಗೆಂದು ಚೊಂಬಿನ ಕಡೆ ಕೈ ಹೋಯಿತು, ಹಿಂದಕ್ಕೆಳೆದುಕೊಂಡರು. ಅಷ್ಟರಲ್ಲಿ ಫೋನು ಬಂತು. ಮಗುವಿಗೆ ನೆಗಡಿ, ತಂಗಿ ಈಗ ಓಡಾಡುತ್ತಾಳೆ, ಎಲ್ಲ ಆಯಿತು.

"ಅಂಜೂರ ಹೇಗಿದೆ?"

ರಾಯರು ಮುಷ್ಟಿ ಬಿಚ್ಚಿ ನೋಡಿದರು.

"ಒಂದು ಎಲೆ ಉದುರಿತು ಕಣೇ."

ಆ ಕಡೆ ಮಗು ಕುಂಯ್‌ಗುಟ್ಟಿದ್ದು ಕೇಳಿಸಿತು, ಆಕೆ ಅದನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡದ್ದು ಕೇಳಿಸಿತು.

"ಸರಿ ಬಿಡಿ," ಎಂದಳು. "ಊಟ ಆಯ್ತಾ?"